ಮಿನರಲ್ ಮಿಕ್ಸ್ಚರ್ ಹಾಕಿದರೂ ಕಪ್ಪು ಹಸು ಕೆಂಪಗಾಗುತ್ತಿದೆಯೇ? ಗಂಧಕದ ಜಾಡು ಹಿಡಿದು ದೋಷ ಹುಡುಕುವುದು

ದೋಷ ಹೀಗಿರುತ್ತದೆ. ಹೆಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಹಸುವಿನ ಮೈಮೇಲಿನ ಕಪ್ಪು ಭಾಗ ತುಕ್ಕಿನ ಬಣ್ಣಕ್ಕೆ ತಿರುಗಿದೆ. ಕೂದಲು ಒರಟಾಗಿದೆ. ಬೆದೆಗೆ ಸರಿಯಾಗಿ ಬರುತ್ತಿಲ್ಲ, ಬಂದರೂ ಗಬ್ಬ ನಿಲ್ಲುತ್ತಿಲ್ಲ. ಸಗಣಿ ಆಗಾಗ ತೆಳ್ಳಗಾಗುತ್ತದೆ. ಜಂತುಹುಳುವಿಗೆ ಔಷಧಿ ಕುಡಿಸಿಯಾಗಿದೆ. ಮಿನರಲ್ ಮಿಕ್ಸ್ಚರ್ ದಿನಾ ಹಾಕುತ್ತಿದ್ದೀರಿ. ಆದರೂ ಏನೂ ಬದಲಾಗಿಲ್ಲ. ಅಂಗಡಿಗೆ ಹೋದರೆ ಇನ್ನೂ ದುಬಾರಿ ಡಬ್ಬಿ ತೋರಿಸುತ್ತಾರೆ.

ಆ ಡಬ್ಬಿ ಕೊಳ್ಳುವ ಮುಂಚೆ ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ. ನೀವು ಹಾಕುತ್ತಿರುವ ತಾಮ್ರ ಹಸುವಿನ ರಕ್ತಕ್ಕೆ ಸೇರುತ್ತಿದೆಯೇ? ಅಥವಾ ಹೊಟ್ಟೆಯಲ್ಲೇ ಯಾವುದಕ್ಕೋ ಅಂಟಿಕೊಂಡು ಸಗಣಿಯ ಜೊತೆ ಹೊರಗೆ ಹೋಗುತ್ತಿದೆಯೇ? ಮೇಲಿನ ಲಕ್ಷಣಗಳೆಲ್ಲ ತಾಮ್ರದ ಕೊರತೆಯವು. ಆದರೆ ತಾಮ್ರ ಕಮ್ಮಿ ಹಾಕಿದ್ದರಿಂದಲೇ ಕೊರತೆ ಬರಬೇಕು ಅಂತೇನಿಲ್ಲ. ಗಂಧಕ ಜಾಸ್ತಿಯಾದರೂ ಬರುತ್ತದೆ. ಈ ಎರಡರ ವ್ಯತ್ಯಾಸ ತಿಳಿಯದೆ ತಾಮ್ರ ಸುರಿಯುತ್ತಾ ಹೋದರೆ ದುಡ್ಡು ಹಾಳು, ಕೆಲವೊಮ್ಮೆ ರಾಸಿಗೂ ಅಪಾಯ.

ಮೊದಲು ತುರ್ತು ಲಕ್ಷಣ ಇದೆಯೇ ನೋಡಿ

ರಾಸು ಗೋಡೆಗೆ ತಲೆ ಒತ್ತಿ ನಿಂತಿದೆಯೇ? ಕಣ್ಣು ತೆರೆದಿದ್ದರೂ ಎದುರಿನ ಕಂಬಕ್ಕೆ ಡಿಕ್ಕಿ ಹೊಡೆಯುತ್ತಿದೆಯೇ? ತಲೆ ಮೇಲೆತ್ತಿ ಆಕಾಶ ನೋಡುತ್ತಾ ನಿಲ್ಲುತ್ತಿದೆಯೇ? ತೇಗಿದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತಿದೆಯೇ? ಹಾಗಿದ್ದರೆ ಈ ಬರಹ ಓದುತ್ತಾ ಕೂರಬೇಡಿ, ಪಶುವೈದ್ಯರನ್ನು ಕರೆಸಿ. ಗಂಧಕ ವಿಪರೀತವಾದಾಗ ಹೊಟ್ಟೆಯಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲ ತುಂಬುತ್ತದೆ. ತೇಗಿದಾಗ ಅದು ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋಗಿ ಮೆದುಳಿಗೆ ಪೆಟ್ಟು ಕೊಡುತ್ತದೆ. ಮೇವು ಬದಲಿಸಿದ ಎರಡರಿಂದ ನಾಲ್ಕು ವಾರದೊಳಗೆ ಇದು ಕಾಣಿಸಿಕೊಳ್ಳುವುದು ಹೆಚ್ಚು. ವೈದ್ಯರು ಸಾಮಾನ್ಯವಾಗಿ ಥಯಾಮಿನ್, ಅಂದರೆ ಬಿ1 ಜೀವಸತ್ವದ ಇಂಜೆಕ್ಷನ್ ಕೊಡುತ್ತಾರೆ. ಅನುಮಾನದ ಮೇವನ್ನು ಕೂಡಲೇ ನಿಲ್ಲಿಸಿ.

ಒಂದು ಎಚ್ಚರಿಕೆ. ಹುಚ್ಚುನಾಯಿ ರೋಗದಲ್ಲೂ, ಸೀಸದ ವಿಷದಲ್ಲೂ ರಾಸು ಹೀಗೇ ವಿಚಿತ್ರವಾಗಿ ಆಡಬಹುದು. ಗಂಟಲಲ್ಲಿ ಏನೋ ಸಿಕ್ಕಿರಬೇಕು ಅಂತ ಬಾಯಿಗೆ ಕೈ ಹಾಕಬೇಡಿ.

ಇಂಥದ್ದು ಏನೂ ಇಲ್ಲ, ಬರೀ ಬಣ್ಣ ಮಾಸಿದೆ, ಬೆದೆ ತಪ್ಪಿದೆ ಅಂದರೆ ಸಮಯ ಇದೆ. ನಿಧಾನವಾಗಿ ಹುಡುಕೋಣ.

ಕೂದಲು ನೋಡುವುದು

ಬೆಳಕಿನಲ್ಲಿ ಹಸು ನಿಲ್ಲಿಸಿ. ಪಕ್ಕೆಯ ಮೇಲಿನ ಕಪ್ಪು ಕೂದಲನ್ನು ಎರಡು ಬೆರಳಲ್ಲಿ ಬಿಡಿಸಿ ಬುಡ ನೋಡಿ. ಬುಡ ಕಡುಕಪ್ಪಾಗಿದ್ದು ತುದಿ ಮಾತ್ರ ಕೆಂಪಾಗಿದ್ದರೆ ಅದು ಬಿಸಿಲಿನ ಕೆಲಸ, ಇಲ್ಲವೇ ಉದುರದೆ ಉಳಿದ ಹಳೇ ಕೂದಲು. ಬೆನ್ನ ಮೇಲೆ ಕೆಂಪಾಗಿ ಹೊಟ್ಟೆಯ ಕೆಳಗೆ ಕಪ್ಪಾಗೇ ಇದ್ದರೂ ಬಿಸಿಲೇ. ತಲೆ ಕೆಡಿಸಿಕೊಳ್ಳಬೇಡಿ.

ಬುಡದಿಂದಲೇ ಮಸುಕಾಗಿದ್ದರೆ ಮಾತು ಬೇರೆ. ಈಗ ಹುಟ್ಟುತ್ತಿರುವ ಕೂದಲಿಗೇ ಬಣ್ಣ ಸಿಗುತ್ತಿಲ್ಲ. ಕಪ್ಪು ಬಣ್ಣ ತಯಾರಿಸುವ ಟೈರೋಸಿನೇಸ್ ಎಂಬ ಕಿಣ್ವ ತಾಮ್ರ ಇಲ್ಲದೆ ಕೆಲಸ ಮಾಡುವುದಿಲ್ಲ. ಆಮೇಲೆ ಕಣ್ಣಿನ ಸುತ್ತ ನೋಡಿ. ಅಲ್ಲಿ ಕೂದಲು ಬೆಳ್ಳಗಾಗಿ ಅಥವಾ ತೆಳುವಾಗಿ, ಹಸು ಕನ್ನಡಕ ಹಾಕಿದ ಹಾಗೆ ಕಂಡರೆ ಅನುಮಾನ ಗಟ್ಟಿಯಾಗುತ್ತದೆ. ಜರ್ಸಿಯಂಥ ಕಂದು ಹಸುವಿನಲ್ಲಿ ಬಣ್ಣ ಹಳದಿಯ ಕಡೆ ಜಾರುತ್ತದೆ. ಗುರುತು ಹಿಡಿಯುವುದು ಸ್ವಲ್ಪ ಕಷ್ಟ.

ಇನ್ನೊಂದು ನೋಡಬೇಕು. ಒಂದೇ ಹಸು ಹೀಗಾಗಿದೆಯೇ, ಕೊಟ್ಟಿಗೆಯಲ್ಲಿ ಹಲವು ಹೀಗಿವೆಯೇ? ಒಂದೇ ಆದರೆ ಆ ಹಸುವಿನ ಆರೋಗ್ಯದಲ್ಲಿ ಏನೋ ಇದೆ. ಪಡ್ಡೆ, ಗೊಡ್ಡು ಹಸು, ಕರೆಯುವ ಹಸು ಎಲ್ಲದರಲ್ಲೂ ಕಂಡರೆ ದೋಷ ಮೇವಿನಲ್ಲಿದೆ ಅಥವಾ ನೀರಿನಲ್ಲಿದೆ. ಪಡ್ಡೆಗಳಲ್ಲೇ ಜಾಸ್ತಿ ಎದ್ದು ಕಾಣುವುದುಂಟು. ಅವಕ್ಕೆ ಹಿಂಡಿ, ಮಿನರಲ್ ಎರಡೂ ಕಮ್ಮಿ ಬೀಳುತ್ತವೆ, ಅಲ್ವಾ?

ಗಂಧಕ ಯಾಕೆ ಅಡ್ಡ ಬರುತ್ತದೆ

ಗಂಧಕ ವಿಷವಲ್ಲ, ಅದೂ ಬೇಕಾದ ಖನಿಜವೇ. ಕೂದಲು, ಗೊರಸು, ಮೆಥಿಯೋನಿನ್, ಸಿಸ್ಟೀನ್, ಬಿ1 ಜೀವಸತ್ವ, ಬಯೋಟಿನ್ ಎಲ್ಲದರಲ್ಲೂ ಗಂಧಕ ಇದೆ. ಹಾಲು ಕರೆಯುವ ಹಸುವಿನ ಒಣ ಆಹಾರದಲ್ಲಿ ಶೇ. 0.2ರಷ್ಟು ಗಂಧಕ ಇರಬೇಕು. ಹಿಂಡಿ, ಧಾನ್ಯ ಜಾಸ್ತಿ ತಿನ್ನುವ ರಾಸಿಗೆ ಮೇಲಿನ ಮಿತಿ ಶೇ. 0.3. ಹುಲ್ಲು ಜಾಸ್ತಿ ತಿನ್ನುವ ರಾಸು ಶೇ. 0.5ರ ತನಕ ತಡೆಯುತ್ತದೆ. ಬೇಕಾದದ್ದಕ್ಕೂ ಜಾಸ್ತಿಯಾಗುವುದಕ್ಕೂ ನಡುವೆ ಇರುವ ಜಾಗ ಇಷ್ಟೇ.

ರೂಮೆನ್ ಎನ್ನುವ ದೊಡ್ಡ ಹೊಟ್ಟೆಯಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ನೀರಿನಲ್ಲಿ, ಮೇವಿನಲ್ಲಿ ಬಂದ ಸಲ್ಫೇಟನ್ನು ಅವು ಸಲ್ಫೈಡ್ ಮಾಡುತ್ತವೆ. ಸಲ್ಫೈಡ್ ನೇರವಾಗಿ ತಾಮ್ರವನ್ನು ಹಿಡಿದರೆ ಕರಗದ ತಾಮ್ರದ ಸಲ್ಫೈಡ್ ಆಗುತ್ತದೆ. ಮೇವಿನಲ್ಲಿ ಮಾಲಿಬ್ಡಿನಮ್ ಎಂಬ ಖನಿಜ ಕೂಡ ಇದ್ದರೆ ಇನ್ನೂ ಕೆಟ್ಟದ್ದು. ಗಂಧಕ, ಮಾಲಿಬ್ಡಿನಮ್ ಸೇರಿ ಥಯೋಮಾಲಿಬ್ಡೇಟ್ ಆಗುತ್ತದೆ. ಅದು ತಾಮ್ರವನ್ನು ಹಿಡಿದರೆ ಬಿಡುವುದೇ ಇಲ್ಲ. ಸ್ವಲ್ಪ ಭಾಗ ರಕ್ತಕ್ಕೂ ಸೇರಿ, ಅಲ್ಲಿರುವ ತಾಮ್ರವನ್ನೂ ಉಪಯೋಗಕ್ಕೆ ಬಾರದ ಹಾಗೆ ಮಾಡುತ್ತದೆ. ಮೇವಿನಲ್ಲಿ ತಾಮ್ರ ಮಾಲಿಬ್ಡಿನಮ್‌ನ ಎರಡು ಪಟ್ಟಿಗಿಂತ ಕಮ್ಮಿಯಿದ್ದರೆ ತೊಂದರೆ ಕಟ್ಟಿಟ್ಟದ್ದು. ಆರು ಪಟ್ಟಿಗಿಂತ ಜಾಸ್ತಿಯಿದ್ದರೆ ನೆಮ್ಮದಿ.

ಎಳೆಗರು ಹಾಲು ಕುಡಿಯುವಾಗ ಆಹಾರದಲ್ಲಿರುವ ತಾಮ್ರದ ಅರ್ಧಕ್ಕಿಂತ ಹೆಚ್ಚನ್ನು ಹೀರಿಕೊಳ್ಳುತ್ತದೆ. ಮೆಲುಕು ಹಾಕುವ ವಯಸ್ಸಿಗೆ ಬಂದ ಮೇಲೆ ಹೀರುವುದು ಶೇ. 1ರಿಂದ 5 ಮಾತ್ರ. ಅದೇ ರಾಸು, ಅದೇ ತಾಮ್ರ. ನಡುವೆ ಬಂದದ್ದು ರೂಮೆನ್ ಮತ್ತು ಅದರೊಳಗಿನ ಸಲ್ಫೈಡ್.

ಇದು ಹೊರಬಿದ್ದದ್ದು ನಮ್ಮ ದೇಶದಲ್ಲಿ ಅಲ್ಲ. ಇಂಗ್ಲೆಂಡಿನ ಸಾಮರ್ಸೆಟ್ ಭಾಗದ ಕೆಲವು ಹುಲ್ಲುಗಾವಲಿಗೆ ಬಿಟ್ಟ ದನಕ್ಕೆ ವಿಪರೀತ ಭೇದಿ ಆಗುತ್ತಿತ್ತು, ಮೈಬಣ್ಣ ಮಾಸುತ್ತಿತ್ತು. ಹುಲ್ಲಿನಲ್ಲಿದ್ದ ಮಾಲಿಬ್ಡಿನಮ್ ಕಾರಣ ಎಂದು 1938ರಲ್ಲಿ ಫರ್ಗುಸನ್, ಲೂಯಿಸ್, ವಾಟ್ಸನ್ ಎಂಬ ಮೂವರು ತೋರಿಸಿದರು. ಅದರಲ್ಲಿ ಗಂಧಕದ ಪಾತ್ರವನ್ನು 1950ರ ದಶಕದಲ್ಲಿ ಆಸ್ಟ್ರೇಲಿಯಾದ ಡಿಕ್ ಎಂಬ ವಿಜ್ಞಾನಿ ಕುರಿಗಳ ಮೇಲೆ ಪ್ರಯೋಗ ಮಾಡಿ ಬಿಡಿಸಿಟ್ಟರು.

ನೀರಿನ ಲೆಕ್ಕ

ಹುಡುಕಾಟ ನೀರಿನಿಂದಲೇ ಶುರುವಾಗಲಿ ಅನ್ನುವುದು ನನ್ನ ಅಭಿಪ್ರಾಯ. ಎಲ್ಲರೂ ಹಿಂಡಿ ಚೀಲ ತಿರುಗಿಸಿ ನೋಡುತ್ತಾರೆ, ತೊಟ್ಟಿಯ ಕಡೆ ಯಾರೂ ನೋಡುವುದಿಲ್ಲ.

ಒಂದು ಲೆಕ್ಕ ಹಾಕೋಣ. ಹಸು ದಿನಕ್ಕೆ 60 ಲೀಟರ್ ನೀರು ಕುಡಿಯುತ್ತದೆ. ಬೋರ್‌ವೆಲ್ ನೀರಿನಲ್ಲಿ ಲೀಟರಿಗೆ 1000 ಮಿಲಿಗ್ರಾಂ ಸಲ್ಫೇಟ್ ಇದೆ ಎಂದುಕೊಳ್ಳಿ. ಅಲ್ಲಿಗೆ 60 ಗ್ರಾಂ ಸಲ್ಫೇಟ್. ಸಲ್ಫೇಟಿನ ತೂಕದಲ್ಲಿ ಮೂರನೇ ಒಂದು ಭಾಗ ಗಂಧಕ, ಅಂದರೆ 20 ಗ್ರಾಂ. ಹಸು ತಿನ್ನುವ ಒಣ ಆಹಾರ 12 ಕೆ.ಜಿ. ಆದರೆ, ನೀರೊಂದರಿಂದಲೇ ಆಹಾರದ ಶೇ. 0.17ರಷ್ಟು ಗಂಧಕ ಬಂತು. ಮೇವಿನಲ್ಲಿ ಆಗಲೇ ಶೇ. 0.2 ಇದೆ. ಒಟ್ಟು 0.37. ಹಿಂಡಿ ಜಾಸ್ತಿ ತಿನ್ನುವ ರಾಸಿನ 0.3ರ ಮಿತಿ ದಾಟಿತು. ಹಿಂಡಿ ಬದಲಿಸಿಲ್ಲ, ಹುಲ್ಲು ಬದಲಿಸಿಲ್ಲ. ಬೇಸಿಗೆಯಲ್ಲಿ ಹಳೇ ಬಾವಿ ಬತ್ತಿ ಹೊಸ ಬೋರ್ ಕೊರೆಸಿದ್ದಷ್ಟೇ. ಸೆಖೆಗೆ ನೀರೂ ಜಾಸ್ತಿ ಕುಡಿಯುತ್ತದೆ, ಗಂಧಕವೂ ಅಷ್ಟೇ ಏರುತ್ತದೆ.

ಟಿಡಿಎಸ್ ಮೀಟರ್ ಹಿಡಿದು ನೋಡಿದರೆ ಇದು ಗೊತ್ತಾಗುವುದಿಲ್ಲ. ಅದು ಎಲ್ಲಾ ಲವಣಗಳ ಅಂದಾಜು ಮೊತ್ತ ಹೇಳುತ್ತದೆ, ಸಲ್ಫೇಟ್ ಎಷ್ಟು ಅಂತ ಹೇಳುವುದಿಲ್ಲ. ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟಿದರೆ ನೀರು ಗಡಸು ಎಂದಷ್ಟೇ ಅರ್ಥ. ನೀರು ಪರೀಕ್ಷೆ ಮಾಡುವ ಲ್ಯಾಬ್‌ಗೆ ಒಂದು ಲೀಟರ್ ಕೊಟ್ಟು, ಸಲ್ಫೇಟ್ ಮತ್ತು ಕಬ್ಬಿಣ ಎರಡನ್ನೂ ನೋಡಲು ಹೇಳಿ. ಮನುಷ್ಯರು ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 200 ಮಿಲಿಗ್ರಾಂ ಸಲ್ಫೇಟ್. ಬೇರೆ ನೀರೇ ಇಲ್ಲದಿದ್ದರೆ 400 ತನಕ ಒಪ್ಪಬಹುದು. ಕರುಗಳಿಗೆ 500ರೊಳಗೆ, ದೊಡ್ಡ ರಾಸಿಗೆ 1000ದೊಳಗೆ ಇದ್ದರೆ ಒಳ್ಳೆಯದು.

ಕಬ್ಬಿಣ ಯಾಕೆ ಅಂದರೆ ಅದೂ ಗಂಧಕದ ಜೊತೆ ಸೇರಿ ತಾಮ್ರಕ್ಕೆ ಅಡ್ಡ ಬರುತ್ತದೆ. ನಲ್ಲಿಯ ಕೆಳಗೆ ಕೆಂಪು ಕಲೆ ಕಟ್ಟುವ ನೀರು, ಕೆಂಪು ಮಣ್ಣು ಮೆತ್ತಿಕೊಂಡ ಮೇವು ಎರಡೂ ಈ ಸಾಲಿಗೆ ಸೇರುತ್ತವೆ.

ಮೇವಿನಲ್ಲಿ ಹುಡುಕುವುದು

ಇಲ್ಲಿ ನಾನು ಕೇಳುವ ಮೊದಲ ಪ್ರಶ್ನೆ: ಪುಕ್ಕಟೆಯಾಗಿ ಅಥವಾ ಅಗ್ಗಕ್ಕೆ ಸಿಕ್ಕಿದ್ದು ಏನು ಹಾಕುತ್ತಿದ್ದೀರಿ?

ಕೋಲಾರ, ಮಾಲೂರು, ಚಿಕ್ಕಬಳ್ಳಾಪುರದ ಕಡೆ ಕೋಸು, ಹೂಕೋಸಿಗೆ ರೇಟು ಬಿದ್ದಾಗ ಹೊಲಕ್ಕೆ ಹೊಲವೇ ದನದ ಪಾಲಾಗುತ್ತದೆ. ಮಾರುಕಟ್ಟೆಯಲ್ಲಿ ಸುಲಿದು ಎಸೆದ ಎಲೆಗಳೂ ಟೆಂಪೊದಲ್ಲಿ ಕೊಟ್ಟಿಗೆಗೆ ಬರುತ್ತವೆ. ಹಸು ಪ್ರೀತಿಯಿಂದ ತಿನ್ನುತ್ತದೆ. ಆದರೆ ಸಾಸಿವೆ ಜಾತಿಯ ಬೆಳೆಗಳಲ್ಲೆಲ್ಲ ಗಂಧಕ ಜಾಸ್ತಿ. 20 ಕೆ.ಜಿ. ಎಲೆಯಲ್ಲಿ ನೀರು ಕಳೆದರೆ ಉಳಿಯುವುದು ಒಂದೂವರೆ ಕೆ.ಜಿ.ಯಷ್ಟು ಒಣ ಪದಾರ್ಥ. ಅದರಲ್ಲಿ ಶೇ. 0.8 ಗಂಧಕ ಎಂದು ಹಿಡಿದರೂ 12 ಗ್ರಾಂ ಆಯಿತು. ಮೇಲಿನ ನೀರಿನ ಲೆಕ್ಕಕ್ಕೆ ಇದನ್ನು ಸೇರಿಸಿ ನೋಡಿ. ಕೋಸು ಅಯೋಡಿನ್‌ಗೂ ಅಡ್ಡ ಬರುತ್ತದೆ, ಅದರಲ್ಲಿರುವ ಗಂಧಕದ ಸಂಯುಕ್ತಗಳು ಒಡೆದಾಗ ಥೈರಾಯ್ಡ್ ಗ್ರಂಥಿಯ ಕೆಲಸ ಕೆಡುತ್ತದೆ. ಕೋಸು ಹಾಕಲೇಬಾರದು ಅಂತಲ್ಲ. ಹೊಟ್ಟೆ ತುಂಬಾ ಅದನ್ನೇ ಹಾಕಬಾರದು, ಮಣ್ಣು ಕೊಡವದೆ ಹಾಕಬಾರದು.

ಆಮೇಲೆ ಡಿಡಿಜಿಎಸ್. ಎಥನಾಲ್ ಕಾರ್ಖಾನೆಗಳಲ್ಲಿ ಮೆಕ್ಕೆಜೋಳ, ಅಕ್ಕಿ ಹುದುಗಿಸಿ ಉಳಿದ ಗಸಿ ಒಣಗಿಸಿದ್ದು. ಪ್ರೋಟೀನ್ ಚೆನ್ನಾಗಿದೆ, ದರವೂ ಕೈಗೆಟಕುತ್ತದೆ. ಆದರೆ ಹುದುಗಿಸುವಾಗ ಆಮ್ಲದ ಮಟ್ಟ ಹಿಡಿತದಲ್ಲಿಡಲು ಗಂಧಕಾಮ್ಲ ಬಳಸುವುದುಂಟು, ಅದರ ಗಂಧಕ ಗಸಿಯಲ್ಲೇ ಉಳಿಯುತ್ತದೆ. ಲಾಟ್‌ನಿಂದ ಲಾಟ್‌ಗೆ ಪ್ರಮಾಣ ಬದಲಾಗುತ್ತದೆ. ಮಾರುವವರ ಹತ್ತಿರ ಪ್ರೋಟೀನ್ ರಿಪೋರ್ಟ್ ಕೇಳುವ ಹಾಗೆ ಗಂಧಕದ ರಿಪೋರ್ಟನ್ನೂ ಕೇಳಿ. ಕಾಕಂಬಿ, ಸಾಸಿವೆ ಹಿಂಡಿ ಇವುಗಳಲ್ಲೂ ಗಂಧಕ ಇದೆ. ಒಂದೊಂದಾಗಿ ನೋಡಿದರೆ ಯಾವುದೂ ತಪ್ಪಲ್ಲ. ನಾಲ್ಕೂ ಒಂದೇ ಬಾನಿಗೆ ಬಿದ್ದಾಗ ತೊಂದರೆ.

ಈರುಳ್ಳಿ ಕಥೆ ಸ್ವಲ್ಪ ಬೇರೆ. ಚಿತ್ರದುರ್ಗ, ಗದಗ ಕಡೆ ಕೊಳೆತ ಈರುಳ್ಳಿ ದನದ ಬಾಯಿಗೆ ಬೀಳುವುದು ಹೊಸದೇನಲ್ಲ. ಅದರ ಗಂಧಕದ ಸಂಯುಕ್ತಗಳು ನೇರವಾಗಿ ಕೆಂಪು ರಕ್ತಕಣ ಒಡೆಯುತ್ತವೆ. ಮೂತ್ರ ಕಂದು ಬಣ್ಣಕ್ಕೆ ತಿರುಗಿ, ಒಸಡು ಬಿಳಚಿಕೊಂಡಿದ್ದರೆ ತಾಮ್ರದ ಲೆಕ್ಕ ಬಿಟ್ಟು ವೈದ್ಯರನ್ನು ಕರೆಸಿ.

ಮಿನರಲ್ ಮಿಕ್ಸ್ಚರ್‌ನಲ್ಲೇ ತಾಮ್ರದ ಸಲ್ಫೇಟ್, ಸತುವಿನ ಸಲ್ಫೇಟ್ ಇದೆಯಲ್ಲ, ಅದರಿಂದ ಗಂಧಕ ಜಾಸ್ತಿ ಆಗಲ್ವಾ ಅಂತ ಕೇಳುವವರಿದ್ದಾರೆ. ಆಗುವುದಿಲ್ಲ. 120 ಮಿಲಿಗ್ರಾಂ ತಾಮ್ರ ಸಲ್ಫೇಟ್ ರೂಪದಲ್ಲಿ ಬಂದರೆ ಜೊತೆಗೆ ಬರುವ ಗಂಧಕ ಸುಮಾರು 60 ಮಿಲಿಗ್ರಾಂ. 20 ಗ್ರಾಂ ಎದುರು ಅದು ಲೆಕ್ಕಕ್ಕೇ ಇಲ್ಲ. ಆದರೆ ಭೇದಿ ಉಪ್ಪು, ಅಂದರೆ ಮೆಗ್ನೀಸಿಯಮ್ ಸಲ್ಫೇಟನ್ನು ದಿನಾ ಹಿಡಿಗಟ್ಟಲೆ ಹಾಕುವ ಅಭ್ಯಾಸ ಇದ್ದರೆ ನಿಲ್ಲಿಸಿ.

ರಕ್ತದ ರಿಪೋರ್ಟ್ ಓದುವಾಗ

ರಕ್ತದಲ್ಲಿ ತಾಮ್ರ ಲೀಟರಿಗೆ 0.6ರಿಂದ 1.5 ಮಿಲಿಗ್ರಾಂ ಇದ್ದರೆ ಸಾಮಾನ್ಯ ಎನ್ನುತ್ತಾರೆ. 0.5ಕ್ಕಿಂತ ಕಮ್ಮಿ ಬಂದರೆ ಕೊರತೆ ಇದೆ. ಸಾಮಾನ್ಯ ಅಂತ ಬಂದರೆ ಮಾತ್ರ ತಕ್ಷಣ ನಂಬಬೇಡಿ. ಇದಕ್ಕೆ ಮೂರು ಕಾರಣ ಇವೆ. ಹಸು ಲಿವರ್‌ನಲ್ಲಿ ತಾಮ್ರ ಕೂಡಿಟ್ಟಿರುತ್ತದೆ, ಅದು ಖಾಲಿಯಾಗುವ ತನಕ ರಕ್ತದಲ್ಲಿ ಇಳಿಯುವುದಿಲ್ಲ. ಜ್ವರ, ಕೆಚ್ಚಲು ಬಾವು ಇದ್ದಾಗ ರಕ್ತದ ತಾಮ್ರ ತಾನಾಗಿ ಏರುತ್ತದೆ. ಮೂರನೆಯದು, ಥಯೋಮಾಲಿಬ್ಡೇಟ್ ಹಿಡಿದಿಟ್ಟ ತಾಮ್ರವೂ ಯಂತ್ರದ ಲೆಕ್ಕಕ್ಕೆ ಬರುತ್ತದೆ, ಹಸುವಿನ ಉಪಯೋಗಕ್ಕೆ ಬರುವುದಿಲ್ಲ. ರಿಪೋರ್ಟ್ ಚೆನ್ನಾಗಿದೆ, ಹಸು ಚೆನ್ನಾಗಿಲ್ಲ ಅನ್ನುವ ಪರಿಸ್ಥಿತಿ ಬರುವುದು ಹೀಗೆ.

ಹಾಗಾಗಿ ಒಂದೇ ಹಸುವಿನ ರಕ್ತ ಕಳಿಸಬೇಡಿ. ಕೆಚ್ಚಲು ಬಾವು, ಜ್ವರ ಇಲ್ಲದ ಐದಾರು ರಾಸುಗಳದ್ದು ಕಳಿಸಿ. ಖಚಿತವಾಗಿ ತಿಳಿಯಬೇಕೆಂದರೆ ಲಿವರ್ ಪರೀಕ್ಷೆಯೇ ಆಗಬೇಕು. ಒಣ ತೂಕದ ಕೆ.ಜಿ.ಗೆ 20 ಮಿಲಿಗ್ರಾಂಗಿಂತ ಕಮ್ಮಿ ತಾಮ್ರ ಇದ್ದರೆ ಮತ್ತೆ ಅನುಮಾನ ಬೇಡ. ಜೀವಂತ ರಾಸಿನ ಲಿವರ್‌ನಿಂದ ಚೂರು ತೆಗೆಯುವುದು ಪಶುವೈದ್ಯರ ಕೆಲಸ. ಮಂದೆಯಲ್ಲಿ ಯಾವುದಾದರೂ ಸತ್ತರೆ ಮರಣೋತ್ತರ ಪರೀಕ್ಷೆಯಲ್ಲಿ ಲಿವರ್ ಚೂರು ಎತ್ತಿಡಲು ಹೇಳಿ.

ಕರು ಹಾಕಿದ ಮೇಲೆ ಹಲವು ಹಸುಗಳಲ್ಲಿ ಕಸ (ಮಾಸು) ಬೀಳದೆ ಉಳಿಯುತ್ತಿದ್ದರೆ ಸೆಲೆನಿಯಮ್ ಕೂಡ ನೋಡಿಸಿ. ಗಂಧಕ ಅದನ್ನೂ ಹೀರಲು ಬಿಡುವುದಿಲ್ಲ. ಸೆಲೆನಿಯಮ್ ಬೇಕಾಗಿರುವುದು ಆಹಾರದ ಕೆ.ಜಿ.ಗೆ 0.3 ಮಿಲಿಗ್ರಾಂ ಮಾತ್ರ. ಜಾಸ್ತಿಯಾದರೆ ವಿಷ, ಸ್ವಂತ ಅಂದಾಜಿನಲ್ಲಿ ಕೊಡುವ ವಸ್ತುವಲ್ಲ.

ಸರಿಪಡಿಸುವ ಕ್ರಮ

ಮೊದಲು ಗಂಧಕ ಇಳಿಸಿ, ಆಮೇಲೆ ತಾಮ್ರ ಏರಿಸಿ. ಈ ಕ್ರಮ ತಿರುಗಿಸಬೇಡಿ.

ನೀರೇ ಕಾರಣವಾದರೆ ಬೆರೆಸುವುದು ಅಗ್ಗದ ದಾರಿ. 1000 ಮಿಲಿಗ್ರಾಂ ಇರುವ ಬೋರ್ ನೀರಿಗೆ 200 ಇರುವ ಕೃಷಿ ಹೊಂಡದ ನೀರನ್ನು ಅರ್ಧಕ್ಕರ್ಧ ಬೆರೆಸಿದರೆ 600ಕ್ಕೆ ಇಳಿಯುತ್ತದೆ. ಗಂಧಕ 20 ಗ್ರಾಂನಿಂದ 12ಕ್ಕೆ ಬರುತ್ತದೆ. ಕುದಿಸಿದರೆ ಸಲ್ಫೇಟ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಗಡಸುತನ ತೆಗೆಯುವ ಸಾಫ್ಟ್‌ನರ್ ಕೂಡ ಸಲ್ಫೇಟ್ ತೆಗೆಯುವುದಿಲ್ಲ. ಆರ್‌ಒ ತೆಗೆಯುತ್ತದೆ, ಖರ್ಚು ನೋಡಿಕೊಂಡು ಕರುಗಳಿಗಾದರೂ ಅದನ್ನು ಕೊಡಬಹುದು.

ತಾಮ್ರದ ಲೆಕ್ಕ ಹೀಗೆ. ಒಣ ಆಹಾರದ ಕೆ.ಜಿ.ಗೆ ಕನಿಷ್ಠ 10 ಮಿಲಿಗ್ರಾಂ ಅಂದರೆ, 12 ಕೆ.ಜಿ. ತಿನ್ನುವ ಹಸುವಿಗೆ 120 ಮಿಲಿಗ್ರಾಂ. ಮಿನರಲ್ ಚೀಲದ ಮೇಲೆ ತಾಮ್ರ ಶೇ. 0.1 ಎಂದಿದ್ದರೆ 50 ಗ್ರಾಂ ಪುಡಿಯಲ್ಲಿ 50 ಮಿಲಿಗ್ರಾಂ ಸಿಕ್ಕಿತು. ಉಳಿದದ್ದು ಮೇವಿನಿಂದ ಬರಬೇಕು. ಗಂಧಕದ ಕಾಟ ಪೂರ್ತಿ ತಪ್ಪಿಸಲು ಆಗದ ಕಡೆ, ಪ್ರೋಟೀನಿಗೆ ಕಟ್ಟಿದ ಕೀಲೇಟೆಡ್ ತಾಮ್ರ ಇರುವ ಮಿಶ್ರಣದ ಬಗ್ಗೆ ವೈದ್ಯರನ್ನು ಕೇಳಿ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಆಯಾ ಪ್ರದೇಶಕ್ಕೆ ತಕ್ಕ ಖನಿಜ ಮಿಶ್ರಣದ ಮೇಲೆ ಕೆಲಸ ಮಾಡಿದೆ. ಎಲ್ಲಾ ಊರಿಗೂ ಒಂದೇ ಪುಡಿ ಅನ್ನುವುದಕ್ಕಿಂತ ಅದು ಒಳ್ಳೆಯ ದಾರಿ.

ಮನೆಯಲ್ಲಿ ಬೆಳೆಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ (ತಾಮ್ರದ ಸಲ್ಫೇಟ್) ಇದೆ, ಅದೂ ತಾಮ್ರವೇ ಅಲ್ವಾ ಅಂತ ಬಾನಿಗೆ ಹಾಕಬೇಡಿ. ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ. ಹಸುವಿನ ಇಡೀ ದಿನದ 120 ಮಿಲಿಗ್ರಾಂ ಅರ್ಧ ಗ್ರಾಂನಲ್ಲೇ ಬಂದುಬಿಡುತ್ತದೆ. ಕೈಯಳತೆಯಲ್ಲಿ ಅರ್ಧ ಗ್ರಾಂ ತೆಗೆಯಲು ಯಾರಿಗೂ ಆಗದು.

ಫಲಿತಾಂಶ ವಾರದಲ್ಲಿ ಕಾಣುವುದಿಲ್ಲ. ಮಾಸಿದ ಕೂದಲು ಮತ್ತೆ ಕಪ್ಪಾಗುವುದಿಲ್ಲ, ಹೊಸದಾಗಿ ಹುಟ್ಟುವುದು ಕಪ್ಪಾಗಿರುತ್ತದೆ. ಒಂದೆರಡು ತಿಂಗಳ ಮೇಲೆ ಪಕ್ಕೆಯ ಕೂದಲು ಬಿಡಿಸಿ ಬುಡ ನೋಡಿ. ಬುಡದಲ್ಲಿ ಕಪ್ಪು ಗೆರೆ ಬಂದಿದ್ದರೆ ದಾರಿ ಸರಿಯಿದೆ. ಬಂದಿಲ್ಲವಾದರೆ ಮೇವಿನ ಮಾಲಿಬ್ಡಿನಮ್ ಪರೀಕ್ಷೆ ಮಾಡಿಸಬೇಕು.

ಉಲ್ಟಾ ದೋಷವೂ ಇದೆ

ಬರೀ ಒಣಹುಲ್ಲು, ಜೊತೆಗೆ ಯೂರಿಯಾ ಬೆರೆಸಿದ ಮೇವು ತಿನ್ನುವ ರಾಸಿನಲ್ಲಿ ಗಂಧಕವೇ ಕಮ್ಮಿ ಬೀಳುತ್ತದೆ. ರೂಮೆನ್‌ನ ಜೀವಿಗಳು ಪ್ರೋಟೀನ್ ಕಟ್ಟಲು ಹತ್ತರಿಂದ ಹನ್ನೆರಡು ಪಾಲು ಸಾರಜನಕಕ್ಕೆ ಒಂದು ಪಾಲು ಗಂಧಕ ಕೇಳುತ್ತವೆ. 100 ಗ್ರಾಂ ಯೂರಿಯಾದಲ್ಲಿ 46 ಗ್ರಾಂ ಸಾರಜನಕ, ಅದಕ್ಕೆ ನಾಲ್ಕೈದು ಗ್ರಾಂ ಗಂಧಕ ಬೇಕು. ಯೂರಿಯಾದಲ್ಲಿ ಗಂಧಕ ಒಂಚೂರೂ ಇಲ್ಲ. ಮೇವು ತಿನ್ನುವುದು ಕಡಿಮೆ, ಹುಲ್ಲು ಜೀರ್ಣವಾಗದೆ ಸಗಣಿಯಲ್ಲಿ ಉದ್ದುದ್ದ ನಾರು, ಮೈ ಸೊರಗುವುದು ಇದರ ಗುರುತು. ಕುರಿಯಲ್ಲಿ ಉಣ್ಣೆ ಉದುರುತ್ತದೆ. ಉಣ್ಣೆಯಲ್ಲೇ ಶೇ. 3ರಿಂದ 4 ಗಂಧಕ ಇರುವುದರಿಂದ ಕುರಿಗೆ ಇದರ ಪೆಟ್ಟು ಜಾಸ್ತಿ.

ಉತ್ತರ ಕರ್ನಾಟಕದಲ್ಲಿ ಜೋಳದ ಮೇವೇ ಮುಖ್ಯವಾದ ಕಡೆ ಇನ್ನೊಂದು ತಿರುವಿದೆ. ಎಳೇ ಜೋಳದಲ್ಲಿ, ಮಳೆ ಕೈಕೊಟ್ಟು ಬಾಡಿದ ಜೋಳದಲ್ಲಿ ಸಯನೈಡ್ ಅಂಶ ಹೆಚ್ಚು. ರಾಸಿನ ಮೈ ಅದನ್ನು ಗಂಧಕದ ಜೊತೆ ಕಟ್ಟಿ ಥಯೋಸಯನೇಟ್ ಮಾಡಿ ಮೂತ್ರದಲ್ಲಿ ಹೊರಹಾಕುತ್ತದೆ. ಅಷ್ಟು ಗಂಧಕ ಅಲ್ಲೇ ಖರ್ಚಾಯಿತು. ಆ ಥಯೋಸಯನೇಟ್ ಹೋಗುವ ಮುಂಚೆ ಅಯೋಡಿನ್‌ಗೂ ಅಡ್ಡ ಬರುತ್ತದೆ. ಜೋಳದ ಮೇವಿನ ಮಂದೆಯಲ್ಲಿ ಹುಟ್ಟಿದ ಕರುಗಳ ಗಂಟಲು ಊದಿದ್ದರೆ, ನಿಶ್ಶಕ್ತವಾಗಿದ್ದರೆ ಗಂಧಕ, ಅಯೋಡಿನ್ ಎರಡನ್ನೂ ಒಟ್ಟಿಗೆ ನೋಡಬೇಕು.

ಅದೇ ಕೊಟ್ಟಿಗೆಯಲ್ಲಿ ಕುರಿ ಇದ್ದರೆ

ಹಸುವಿಗೆ ಹೆಚ್ಚು ತಾಮ್ರದ ಮಿಶ್ರಣ ಶುರು ಮಾಡಿದ ದಿನದಿಂದ ಕುರಿಗಳ ಬಾನಿ ಬೇರೆ ಇಡಿ. ಹಸು ಆಹಾರದ ಕೆ.ಜಿ.ಗೆ 40 ಮಿಲಿಗ್ರಾಂ ತನಕ ತಾಮ್ರ ತಡೆದರೆ, ಕುರಿಯ ಮಿತಿ 15. ಕುರಿಯ ಲಿವರ್ ತಾಮ್ರವನ್ನು ಸದ್ದಿಲ್ಲದೆ ತಿಂಗಳುಗಟ್ಟಲೆ ಕೂಡಿಡುತ್ತದೆ. ಆಮೇಲೆ ಯಾವುದೋ ಒಂದು ದಿನ, ಸಾಗಾಣಿಕೆಯ ಆಯಾಸಕ್ಕೋ ಮೇವಿನ ಕೊರತೆಗೋ ಒಮ್ಮೆಲೇ ರಕ್ತಕ್ಕೆ ಬಿಡುತ್ತದೆ. ಕಣ್ಣು ಹಳದಿಯಾಗಿ, ಮೂತ್ರ ಕಡುಗೆಂಪಾಗಿ ಒಂದೆರಡು ದಿನದಲ್ಲಿ ಸಾಯುತ್ತದೆ. ಅದಕ್ಕೆ ಪಶುವೈದ್ಯರು ಬಳಸುವ ಔಷಧಿ ಅಮೋನಿಯಮ್ ಮಾಲಿಬ್ಡೇಟ್ ಮತ್ತು ಸೋಡಿಯಂ ಸಲ್ಫೇಟ್. ಇಷ್ಟು ಹೊತ್ತು ನಾವು ಹಸುವಿನ ಹೊಟ್ಟೆಯಲ್ಲಿ ಬೇಡ ಅಂತ ಹುಡುಕಿದ ಜೋಡಿ ಇದೇ. ಕುರಿಯಲ್ಲಿ ಅದು ಹೆಚ್ಚಾದ ತಾಮ್ರವನ್ನು ಹಿಡಿದು ಹೊರಗೆ ಒಯ್ಯುತ್ತದೆ. ಹಳದಿ ಕಣ್ಣು ಕಾಣುವ ಮುಂಚೆಯೇ ಕೊಟ್ಟರೆ ಉಳಿದ ಮಂದೆಯನ್ನು ಕಾಪಾಡಬಹುದು. ಹಾಗಾಗಿ ಒಂದು ಕುರಿ ಹೀಗೆ ಸತ್ತರೆ ಮಿಕ್ಕವು ಚೆನ್ನಾಗಿವೆ ಅಂತ ಸುಮ್ನಿರದೆ, ಅವತ್ತೇ ಮಿನರಲ್ ಚೀಲ ತೆಗೆದುಕೊಂಡು ಪಶು ಆಸ್ಪತ್ರೆಗೆ ಹೋಗಿ.